ಚಿಗರಿ ಉಳಿಯಿತು, ಎರೆಭೂತ ಹೋಯಿತು: ರಾಣೆಬೆನ್ನೂರಿನ ಬಯಲಿಗೆ ಏನಾಯಿತು?

ರಾಣೆಬೆನ್ನೂರಿನ ಕೃಷ್ಣಮೃಗ ಧಾಮಕ್ಕೆ ಮೊದಲ ಸಲ ಹೋದವರಿಗೆ ಎದುರಾಗುವುದು ಚಿಗರಿ (ಕೃಷ್ಣಮೃಗಕ್ಕೆ ಈ ಕಡೆಯ ಹೆಸರು) ಅಲ್ಲ, ನೀಲಗಿರಿ. ಸಾಲು ಸಾಲು ನೀಲಗಿರಿ. ಬಯಲಿನಲ್ಲಿ ಓಡಿ ಬದುಕುವ ಪ್ರಾಣಿಗಾಗಿ ಕಾದಿಟ್ಟ ಜಾಗದಲ್ಲಿ ಇಷ್ಟೊಂದು ಮರ ಯಾಕೆ ಅಂತ ಯಾರಿಗಾದರೂ ಅನ್ನಿಸಬೇಕು. ಬಹಳ ಜನಕ್ಕೆ ಅನ್ನಿಸುವುದಿಲ್ಲ. ವನ್ಯಧಾಮ ಅಂದರೆ ಕಾಡು, ಕಾಡು ಅಂದರೆ ಮರ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಈ ಧಾಮ ಘೋಷಣೆಯಾಗಿದ್ದು 1974ರಲ್ಲಿ. ವಿಸ್ತೀರ್ಣ 119 ಚದರ ಕಿಲೋಮೀಟರ್. ಹುಲತ್ತಿ, ಹುನಸಿಕಟ್ಟಿ, ಅಲಗೇರಿ ಅಂತ ಮೂರು ತುಂಡು. ಅದರಲ್ಲಿ ಬಿಗಿ ರಕ್ಷಣೆ ಇರುವ ಒಳಭಾಗ 14.87 ಚದರ ಕಿಲೋಮೀಟರ್ ಮಾತ್ರ. ಆಗ ಹಾವೇರಿ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ, ಇದೆಲ್ಲ ಧಾರವಾಡ ಜಿಲ್ಲೆಗೆ ಸೇರಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಎರಡೇ ವರ್ಷ ಆಗಿತ್ತು. ಮಲೆನಾಡಿನ ಹೊರಗೆ, ಹುಲಿ ಆನೆ ಯಾವುದೂ ಇಲ್ಲದ ಒಂದು ಬಯಲನ್ನು ಅಷ್ಟು ಬೇಗ ಗುರುತಿಸಿದ್ದು ಸಣ್ಣ ವಿಷಯವಲ್ಲ. ಅದಕ್ಕೆ ಇಲಾಖೆಯನ್ನು ಮೆಚ್ಚಲೇಬೇಕು.

ಚಿಗರಿ ಉಳಿದೂ ಉಳಿದಿದೆ. ಇವತ್ತು ಧಾಮದೊಳಗೂ ಸುತ್ತಲಿನ ಹೊಲಗಳಲ್ಲೂ ಸಾವಿರಾರು ಇವೆ. ಹುಬ್ಬಳ್ಳಿ–ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೂ ‘ಚಿಗರಿ’ ಅಂತಲೇ ಹೆಸರಿಟ್ಟಿದ್ದಾರೆ. ಅಷ್ಟರಮಟ್ಟಿಗೆ ಅದು ಈ ಸೀಮೆಯ ಪ್ರಾಣಿ. ಹಾಗಾದರೆ ತಕರಾರು ಏನು?

ಇದೇ ಬಯಲಲ್ಲಿ ಒಂದು ಕಾಲಕ್ಕೆ ಎರೆಭೂತವೂ ಇತ್ತು. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನುತ್ತಾರಲ್ಲ, ಅದು. ಮೂರಡಿ ಎತ್ತರದ ಹಕ್ಕಿ. ಗಂಡು 15 ಕೆ.ಜಿ.ವರೆಗೂ ತೂಗುತ್ತದೆ. ಮರದ ಮೇಲೆ ಕೂರುವ ಜಾತಿಯಲ್ಲ. ಬರೀ ನೆಲದ ಮೇಲೆ ಒಂದೇ ಒಂದು ಮೊಟ್ಟೆ ಇಟ್ಟು, ದೂರದಿಂದ ಬರುವ ನರಿ, ನಾಯಿ, ಮನುಷ್ಯನನ್ನು ನೋಡಿ ಎಚ್ಚರವಾಗುವುದು ಅದರ ಬದುಕಿನ ರೀತಿ. ಸುತ್ತ ಕಣ್ಣು ಹಾಯಬೇಕು. ಕಣ್ಣಿಗೆ ಅಡ್ಡ ಬಂದರೆ ಅದು ಆ ಜಾಗ ಬಿಡುತ್ತದೆ.

ರಾಣೆಬೆನ್ನೂರಿನಲ್ಲಿ ಆಗಿದ್ದು ಅದೇ. ಧಾಮ ಘೋಷಣೆಗೆ ಮೊದಲೇ, 1950ರ ದಶಕದಿಂದ, ಇಲ್ಲಿ ನೆಡುತೋಪು ಎಬ್ಬಿಸುವ ಕೆಲಸ ಶುರುವಾಗಿತ್ತು. ಮೊದಮೊದಲು ಅದರಿಂದ ಹಕ್ಕಿಗೆ ಅನುಕೂಲವೇ ಆಯಿತು ಅನ್ನುವುದು ಈ ಕಥೆಯ ವಿಚಿತ್ರ ತಿರುವು. ಗಿಡ ಚಿಕ್ಕದಿದ್ದಾಗ ಇಲಾಖೆ ಕಾವಲು ಹಾಕಿತು, ದನಕರು ಒಳಗೆ ಬರುವುದು ಕಡಿಮೆಯಾಯಿತು, ಬೇಟೆಗಾರರ ಕಾಟವೂ ತಗ್ಗಿತು. ಸಾಲುಗಳ ನಡುವೆ ಹುಲ್ಲು ಸೊಂಪಾಗಿ ಬೆಳೆಯಿತು. ಎರೆಭೂತ ಅಲ್ಲೇ ಮೇಯ್ದಿತು. ಆಮೇಲೆ ಗಿಡ ಮರವಾಯಿತು. ಮರ ತೋಪಾಯಿತು. ಪಕ್ಕದ ತೆರೆದ ಹುಲ್ಲೂ ಹಕ್ಕಿಗೆ ಬೇಡವಾಯಿತು. ಈಗ ಕರ್ನಾಟಕದಲ್ಲಿ ಎರೆಭೂತ ನೋಡಬೇಕಾದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಹೋಗಿ ಅದೃಷ್ಟ ಪರೀಕ್ಷೆ ಮಾಡಬೇಕು. ಅಲ್ಲೂ ಬೆರಳೆಣಿಕೆ. ಇಡೀ ದೇಶದಲ್ಲೇ ಕಾಡಿನಲ್ಲಿ ಉಳಿದಿರುವುದು 150ಕ್ಕಿಂತ ಕಡಿಮೆ, ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಸುತ್ತಮುತ್ತ.

ಚಿಗರಿ ಯಾಕೆ ಉಳಿಯಿತು? ಅದಕ್ಕೆ ಹೊಂದಿಕೊಳ್ಳುವ ಗುಣ ಜಾಸ್ತಿ. ಹಗಲು ನೀಲಗಿರಿಯ ಅಂಚಿನಲ್ಲಿ ನೆರಳು ಹಿಡಿದು ಮಲಗುತ್ತದೆ, ಸಂಜೆಯಾಗುತ್ತಿದ್ದಂತೆ ಹೊರಗೆ ಬಂದು ಗೋವಿನಜೋಳದ ಎಳೆ ಪೈರು ಮೇಯುತ್ತದೆ. ಅಂದರೆ ಧಾಮದ ಹುಲ್ಲು ಹಾಳಾದರೂ ಅದಕ್ಕೆ ಊಟ ಸಿಗುತ್ತದೆ. ಬಿಲ್ ರೈತ ಕಟ್ಟುತ್ತಾನೆ. ಹಾಗಾಗಿ ‘ಚಿಗರಿ ಸಂಖ್ಯೆ ಹೆಚ್ಚಿದೆ’ ಅನ್ನುವ ಒಂದೇ ಸಾಲಿನಿಂದ ಧಾಮ ಗೆದ್ದಿದೆ ಅಂತ ತೀರ್ಮಾನಿಸುವುದು ತಪ್ಪು. ಬೇರೆಲ್ಲೂ ಬದುಕಲಾಗದ ಜೀವಿಗಳು ಉಳಿದಿವೆಯಾ, ಹುಲ್ಲು ಉಳಿದಿದೆಯಾ ಅಂತ ಕೇಳಬೇಕು. ನನ್ನ ಮುಖ್ಯ ವಾದ ಇಷ್ಟೇ: ಹುಲ್ಲುಗಾವಲನ್ನು ಕಾಡಿನ ಅಳತೆಗೋಲಿನಲ್ಲಿ ಅಳೆದು, ಅದೇ ಅಳತೆಯಲ್ಲಿ ಕಾಪಾಡಿ, ಕಾಪಾಡುತ್ತಲೇ ಕಳೆದುಕೊಳ್ಳುತ್ತಿದ್ದೇವೆ. 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಅಂತ ಘೋಷಿಸಿದೆ. ಭಾಷಣಗಳಿಗೆ ಬರ ಇರುವುದಿಲ್ಲ. ಅದರ ಜೊತೆಗೆ ಈ ಲೆಕ್ಕವನ್ನೂ ಒಮ್ಮೆ ನೋಡುವುದು ಒಳ್ಳೆಯದು.

ನೀಲಗಿರಿ ಬಂದ ದಾರಿ

ನೀಲಗಿರಿಗೂ ನಮಗೂ ಹಳೇ ನಂಟು. ಆಸ್ಟ್ರೇಲಿಯಾದ ಈ ಮರವನ್ನು ಟಿಪ್ಪು ಸುಲ್ತಾನ್ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದಲ್ಲಿ ನೆಡಿಸಿದರು ಅಂತ ಹೇಳುತ್ತಾರೆ. ಅಲ್ಲಿಂದ ಹೊರಟ ತಳಿಗೆ ದೇಶದ ತುಂಬ ‘ಮೈಸೂರು ಗಮ್’ ಅಂತಲೇ ಹೆಸರು. ಸ್ವಾತಂತ್ರ್ಯದ ನಂತರ ಅರಣ್ಯ ಇಲಾಖೆಗಳಿಗೆ ಬೇಗ ಬೆಳೆಯುವ, ದನ ತಿನ್ನದ, ನೀರು ಹಾಕದಿದ್ದರೂ ಬದುಕುವ ಮರ ಬೇಕಿತ್ತು. ನೀಲಗಿರಿ ಎಲ್ಲಕ್ಕೂ ಒಪ್ಪಿತು. ದನ ತಿನ್ನುವುದಿಲ್ಲ ಅನ್ನುವುದನ್ನು ದೊಡ್ಡ ಗುಣ ಅಂತ ಎಣಿಸಿದ್ದು ಗೋಮಾಳದಲ್ಲಿ, ಕುರಿ ಸೀಮೆಯಲ್ಲಿ. ಆ ತಮಾಷೆ ಆಗ ಯಾರಿಗೂ ಹೊಳೆದಂತಿಲ್ಲ.

ಹೊಳೆದಿದ್ದು ಹಳ್ಳಿಯವರಿಗೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲೇ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇದೆ. ಅದಕ್ಕೆ ಬೇಕಾದ ಮರದ ತಿರುಳಿಗಾಗಿ 1984ರಲ್ಲಿ ಸರ್ಕಾರಿ ನಿಗಮವೂ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಕಟ್ಟಿದವು. ಸುಮಾರು 30,000 ಹೆಕ್ಟೇರ್ ‘ಸಿ ಮತ್ತು ಡಿ’ ದರ್ಜೆಯ ಭೂಮಿಯಲ್ಲಿ ನೀಲಗಿರಿ ಹಾಕುವ ಯೋಜನೆ. ಕಾಗದದಲ್ಲಿ ಅದು ಕೆಲಸಕ್ಕೆ ಬಾರದ ಭೂಮಿ. ಊರಿನವರಿಗೆ ಅದು ಮೇವು, ಉರುವಲು, ಕುರಿ ಬಿಡುವ ಜಾಗ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಅದೇ ಗುಂಡಿಯಲ್ಲಿ ತಮಗೆ ಬೇಕಾದ ಸಸಿ ಹಚ್ಚಿದರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಮುಂದಾಳತ್ವ ವಹಿಸಿದ್ದರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಅರ್ಜಿಗೆ ಹೆಸರು ಕೊಟ್ಟರು. 1991ರ ಹೊತ್ತಿಗೆ ಆ ಕಂಪನಿ ಬಾಗಿಲು ಮುಚ್ಚಿತು.

ಗಮನಿಸಬೇಕಾದ್ದು ಇನ್ನೊಂದಿದೆ. ಅಷ್ಟು ದೊಡ್ಡ ಹೋರಾಟದಲ್ಲೂ ನೀಲಗಿರಿಗೆ ಬದಲಾಗಿ ಕೇಳಿದ್ದು ಬೇರೆ ಮರವನ್ನು. ಹುಲ್ಲನ್ನು ಹುಲ್ಲಾಗಿಯೇ ಬಿಡಿ ಅಂತ ಕೇಳುವುದು ಆಗಿನ ಕಾಲಕ್ಕೆ ಕಷ್ಟವಿತ್ತು. ಈಗಲೂ ಸುಲಭವೇನಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ, ಅಕೇಶಿಯಾ ನೆಡುವುದನ್ನು ನಿಷೇಧಿಸಿತು. ಒಳ್ಳೆಯದೇ. ಆದರೆ ಅಂತರ್ಜಲದ ಚರ್ಚೆಯಲ್ಲಿ ಬಯಲಿನ ಹಕ್ಕಿಗಳ ಮಾತು ಯಾರೂ ಎತ್ತಲಿಲ್ಲ.

ನೆಲದ ಕೆಳಗಿನ ವ್ಯವಹಾರ

ಮರ ತುದಿಯಿಂದ ಬೆಳೆಯುತ್ತದೆ, ಹುಲ್ಲು ಬುಡದಿಂದ. ಇಷ್ಟು ಗೊತ್ತಾದರೆ ಹುಲ್ಲುಗಾವಲಿನ ಅರ್ಧ ಕಥೆ ಗೊತ್ತಾದಂತೆ. ಎಳೆ ಮರದ ಕುಡಿಯನ್ನು ಮೇಕೆ ಕಚ್ಚಿದರೆ ಅದರ ಬೆಳವಣಿಗೆ ನಿಲ್ಲುತ್ತದೆ. ಹುಲ್ಲಿನ ಗರಿಯನ್ನು ಕಚ್ಚಿದರೆ ಬುಡದಿಂದ ಮತ್ತೆ ಬರುತ್ತದೆ. ಬೇಸಿಗೆಯ ಬೆಂಕಿ ಹಾದುಹೋದರೂ ಅಷ್ಟೇ. ಮೇಲೆ ಕಪ್ಪಾದ ಬಯಲು, ಮೊದಲ ಮಳೆ ಬಿದ್ದ ವಾರದಲ್ಲಿ ಹಸಿರು. ಅದರ ಬಂಡವಾಳವೆಲ್ಲ ಬೇರಿನಲ್ಲಿದೆ. ಹೀರಿಕೊಂಡ ಇಂಗಾಲದಲ್ಲೂ ದೊಡ್ಡ ಪಾಲು ನೆಲದ ಕೆಳಗೇ ಇರುತ್ತದೆ. ಮರ ಸುಟ್ಟರೆ ಅಥವಾ ಕಡಿದರೆ ಇಂಗಾಲ ಹಾರಿಹೋಗುತ್ತದೆ. ಹುಲ್ಲು ಸುಟ್ಟರೆ ಬೇರಿನಲ್ಲಿದ್ದದ್ದು ಬೇರಿನಲ್ಲೇ ಇರುತ್ತದೆ. ಉಳುಮೆ ಮಾಡಿದಾಗ ಮಾತ್ರ ಅದಕ್ಕೆ ಪೆಟ್ಟು.

ಕುರಿ ಉಣ್ಣೆಗೂ ನಮ್ಮ ಪ್ಯಾಂಟಿಗೂ ಚುಚ್ಚಿಕೊಳ್ಳುವ ಈಟಿಯಂಥ ಹುಲ್ಲಿನ ಬೀಜವನ್ನು ನೀವು ನೋಡಿಯೇ ಇರುತ್ತೀರಿ. ಒಂದನ್ನು ಕಿತ್ತು ಅಂಗೈ ಮೇಲೆ ಇಡಿ. ತುದಿ ಚೂಪು, ಅದರ ಹಿಂದೆ ಹಿಮ್ಮುಖವಾಗಿ ಬಾಗಿದ ಸಣ್ಣ ಕೂದಲು, ಅದರಾಚೆ ಹುರಿ ಹೊಸೆದಂಥ ಉದ್ದ ಬಾಲ. ಬಾಲಕ್ಕೆ ಒಂದು ಹನಿ ನೀರು ಬಿಟ್ಟರೆ ಹುರಿ ಬಿಚ್ಚಿಕೊಳ್ಳುತ್ತ ಗಿರ್ರನೆ ತಿರುಗುತ್ತದೆ. ಒಣಗಿದರೆ ಮತ್ತೆ ಹೊಸೆದುಕೊಳ್ಳುತ್ತದೆ. ರಾತ್ರಿ ತೇವ, ಹಗಲು ಬಿಸಿಲು, ಹೀಗೆ ತಿರುಗಿ ತಿರುಗಿ ಬೀಜ ತಾನೇ ನೆಲ ಕೊರೆದು ಒಳಗೆ ಇಳಿಯುತ್ತದೆ. ಹಿಮ್ಮುಖದ ಕೂದಲು ಅದನ್ನು ವಾಪಸ್ ಬರಲು ಬಿಡುವುದಿಲ್ಲ. ಬೆಂಕಿ ಮೇಲೆ ಹಾದುಹೋಗುವಾಗ ಬೀಜ ಮಣ್ಣಿನೊಳಗೆ ಬೆಚ್ಚಗಿರುತ್ತದೆ. ಬೆಂಕಿ, ಬಿಸಿಲು, ಮೇಯುವ ಬಾಯಿ ಇವುಗಳ ಜೊತೆ ಬಹಳ ಕಾಲ ಬಾಳಿದ ಗಿಡಕ್ಕೆ ಮಾತ್ರ ಇಂಥ ಉಪಾಯ ಬರುತ್ತದೆ. ಕಾಡು ಕಡಿದ ಮೇಲೆ ನಿನ್ನೆ ಮೊನ್ನೆ ಬಂದ ಕಳೆಗಿಡದ ಲಕ್ಷಣ ಇದಲ್ಲ.

ಬಯಲು ಒಂದೇ ಥರ ಇರಬಾರದು ಅನ್ನುವುದು ಇನ್ನೊಂದು ಸೂಕ್ಷ್ಮ. ಚಿಗರಿಗೆ ಬೇಕಾಗಿರುವುದು ಗಿಡ್ಡಗಿನ ಎಳೆ ಹುಲ್ಲು, ದೂರದವರೆಗೆ ಓಡಲು ಜಾಗ. ಗಂಡು ಚಿಗರಿ ತನ್ನ ಗಡಿಯಲ್ಲಿ ಅದೇ ಅದೇ ಜಾಗದಲ್ಲಿ ಹಿಕ್ಕೆ ಹಾಕಿ ಗುಡ್ಡೆ ಮಾಡಿರುತ್ತದೆ. ಆ ಗುಡ್ಡೆಗಳನ್ನು ನೋಡಿಯೇ ಬಯಲು ಯಾರದ್ದು ಅಂತ ಹೇಳಬಹುದು. ಬಾನಾಡಿ (ಲಾರ್ಕ್) ಹಕ್ಕಿಗಳಿಗೆ ಬರಿ ನೆಲ ಬೇಕು. ಕೆಲವು ದನದ ಗೊರಸಿನ ಗುಳಿಯಲ್ಲೇ ಗೂಡು ಮಾಡುತ್ತವೆ. ಚಳಿಗಾಲಕ್ಕೆ ಕಜಾಕಸ್ತಾನದ ಕಡೆಯಿಂದ ಬರುವ ಸೆಳೆವ (ಹ್ಯಾರಿಯರ್) ಹಕ್ಕಿಗಳಿಗೆ ಎತ್ತರದ ಹುಲ್ಲು ಬೇಕು. ಹದ್ದಿನ ಜಾತಿಯಾದರೂ ಅವು ರಾತ್ರಿ ನೆಲದ ಮೇಲೆ, ಹುಲ್ಲಿನ ನಡುವೆ, ಗುಂಪಾಗಿ ಮಲಗುತ್ತವೆ. ಹಗಲಿಡೀ ಮಿಡತೆ ಹಿಡಿದು ತಿನ್ನುತ್ತವೆ, ಅದು ರೈತರಿಗೆ ಬಿಟ್ಟಿ ಕೆಲಸ. ಗಿಡ್ಡ ಹುಲ್ಲು, ಎತ್ತರದ ಹುಲ್ಲು, ಬರಿ ನೆಲ, ಅಲ್ಲೊಂದು ಇಲ್ಲೊಂದು ಜಾಲಿ, ತಂಗಡಿ ಪೊದೆ. ಈ ಕಲಸುಮೇಲೋಗರವನ್ನು ಮಾಡುತ್ತಿದ್ದವರು ಯಾರು? ಮೇಯುತ್ತ ಮುಂದೆ ಹೋಗುವ ಹಿಂಡುಗಳು, ಆಗೊಮ್ಮೆ ಈಗೊಮ್ಮೆ ಬೆಂಕಿ, ಮಳೆಯ ಏರುಪೇರು.

ಅದಕ್ಕೇ ಪೂರ್ತಿ ಬೇಲಿ ಹಾಕಿ ಯಾರನ್ನೂ ಒಳಗೆ ಬಿಡದಿದ್ದರೆ ಹುಲ್ಲುಗಾವಲು ಚೆನ್ನಾಗಿರುತ್ತದೆ ಅನ್ನುವುದು ಅರ್ಧ ಸತ್ಯ. ಎರಡು ಮೂರು ವರ್ಷ ಸೊಗಸಾಗಿ ಕಾಣುತ್ತದೆ. ಆಮೇಲೆ ಒಣಹುಲ್ಲು ಮೇಲಿಂದ ಮೇಲೆ ಕೂತು ಹೊಸ ಚಿಗುರಿಗೆ ಬೆಳಕು ಸಿಗುವುದಿಲ್ಲ, ಪೊದೆ ನುಗ್ಗುತ್ತದೆ. ಹಾಗಂತ ಊರಿನ ದನವೆಲ್ಲ ವರ್ಷಪೂರ್ತಿ ಅಲ್ಲೇ ನಿಂತರೆ ನೆಲ ಬೋಳಾಗುತ್ತದೆ. ಎಷ್ಟು, ಯಾವಾಗ, ಎಷ್ಟು ದಿನ ಅನ್ನುವುದೇ ಇಲ್ಲಿ ವಿಜ್ಞಾನ. ಹಳೇ ಕುರಿಗಾರರಿಗೆ ಇದು ಪುಸ್ತಕ ಓದದೆ ಗೊತ್ತಿತ್ತು. ಮಳೆಗಾಲದಲ್ಲಿ ಒಂದು ಸೀಮೆ, ಸುಗ್ಗಿ ಮುಗಿದ ಮೇಲೆ ಇನ್ನೊಂದು ಸೀಮೆ. ಹೊಲದಲ್ಲಿ ಕುರಿ ತರುಬಿ ಗೊಬ್ಬರ ಕೊಟ್ಟು ಕಾಳು ತಗೊಳ್ಳುವುದು. ರಾಣೆಬೆನ್ನೂರು ಅಂಥವರದೇ ಸೀಮೆ. ದೇವರಗುಡ್ಡದ ಮಾಲತೇಶನ ಜಾತ್ರೆಗೆ ಒಮ್ಮೆ ಹೋಗಿ ನೋಡಿ, ಕಂಬಳಿ ಹೊದ್ದ ಗೊರವರನ್ನು ಕಂಡರೆ ಈ ನೆಲ ಯಾವುದರ ಮೇಲೆ ಬದುಕಿತ್ತು ಅಂತ ತಿಳಿಯುತ್ತದೆ.

ಎಷ್ಟು ಕಾಲದಿಂದ? ಬಳ್ಳಾರಿ, ರಾಯಚೂರು ಕಡೆಯ ಬೂದಿದಿಬ್ಬಗಳನ್ನು ಕೇಳಿ. ಕುಡತಿನಿ, ಬೂದಿಹಾಳದಂಥ ಕಡೆ ಇರುವ ಈ ದಿಬ್ಬಗಳು ಸುಟ್ಟ ಸಗಣಿಯ ರಾಶಿ ಅಂತ ಪುರಾತತ್ವದವರು ಯಾವತ್ತೋ ತೋರಿಸಿಕೊಟ್ಟಿದ್ದಾರೆ. ನಾಲ್ಕೈದು ಸಾವಿರ ವರ್ಷದ ಹಿಂದೆ ಅಲ್ಲಿ ದೊಡ್ಡ ದೊಡ್ಡ ದನದ ಹಿಂಡು ಇತ್ತು. ದಟ್ಟ ಕಾಡಿನಲ್ಲಿ ಅಷ್ಟು ದನ ಮೇಯುವುದಿಲ್ಲ. ಹಾವೇರಿ, ಹಾನಗಲ್ ಸೀಮೆಯ ವೀರಗಲ್ಲುಗಳನ್ನೂ ನೋಡಬಹುದು. ತುರುಗಾಳಗದಲ್ಲಿ ಸತ್ತವನ ಕಲ್ಲು ಊರೂರಿಗೂ ಇದೆ, ಕೆಳಗಿನ ಪಟ್ಟಿಯಲ್ಲಿ ದನಗಳ ಸಾಲು ಕೆತ್ತಿರುತ್ತಾರೆ. ದನವೇ ಆಸ್ತಿಯಾಗಿದ್ದ ಕಾಲ ಅದು, ಅದಕ್ಕೆ ತಕ್ಕ ಬಯಲೂ ಇದ್ದಿರಬೇಕು. ಇದು ನನ್ನ ಊಹೆ ಅಂತಲೇ ಇಟ್ಟುಕೊಳ್ಳಿ. ಆದರೆ ಪಕ್ಕದ ಮಹಾರಾಷ್ಟ್ರದಲ್ಲಿ ಇದೇ ದಾರಿಯಲ್ಲಿ ನಡೆದ ಅಧ್ಯಯನ 2025ರಲ್ಲಿ ಪ್ರಕಟವಾಗಿದೆ. ಹಳೇ ಮರಾಠಿ ಕಾವ್ಯ, ಕಥನಗಳಲ್ಲಿ ಬರುವ ಗಿಡಮರಗಳನ್ನು ಪಟ್ಟಿ ಮಾಡಿದ ಸಂಶೋಧಕರು, ಏಳುನೂರೈವತ್ತು ವರ್ಷದ ಹಿಂದೆಯೂ ಅಲ್ಲಿನ ಒಣ ಸೀಮೆ ಜಾಲಿ, ಹುಲ್ಲಿನ ಬಯಲೇ ಆಗಿತ್ತು ಅಂತ ತೋರಿಸಿದರು. ನಮ್ಮ ಶಾಸನಗಳನ್ನು ಇದೇ ಕಣ್ಣಿಂದ ಓದುವವರು ಬೇಕಾಗಿದ್ದಾರೆ.

ಬರಡು ಅಂತ ಬರೆದ ಮೇಲೆ

ಕಂದಾಯ ಇಲ್ಲದ ನೆಲವನ್ನು ‘ವೇಸ್ಟ್’ ಅಂತ ಬರೆದಿಡುವ ಪದ್ಧತಿ ಬ್ರಿಟಿಷರ ಕಾಲದ್ದು. ನಾವು ಅದನ್ನು ಬಿಡಲಿಲ್ಲ, ಉಪಗ್ರಹ ಬಳಸಿ ಇನ್ನೂ ಅಚ್ಚುಕಟ್ಟು ಮಾಡಿದೆವು. ಕೇಂದ್ರ ಸರ್ಕಾರ ಹೊರತರುವ ಬಂಜರು ಭೂಮಿ ನಕಾಶೆಯಲ್ಲಿ ಕುರುಚಲು, ಹುಲ್ಲುಗಾವಲು ಎಲ್ಲ ಸೇರಿಕೊಂಡಿವೆ. ಪರಿಸರ ವಿಜ್ಞಾನಿಗಳಾದ ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಸೇರಿ ದೇಶದ ಅರೆಶುಷ್ಕ ಬಯಲುಗಳ ನಕಾಶೆ ಮಾಡಿದ್ದಾರೆ. ಅವರ ಲೆಕ್ಕದಲ್ಲಿ ಇಂಥ ಬಯಲು ಮೂರು ಲಕ್ಷ ಚದರ ಕಿಲೋಮೀಟರ್‌ಗಿಂತ ಜಾಸ್ತಿ, ಅಂದರೆ ದೇಶದ ಹತ್ತನೇ ಒಂದು ಭಾಗ. ಅದರಲ್ಲಿ ಸಂರಕ್ಷಿತ ಪ್ರದೇಶದೊಳಗೆ ಇರುವುದು ನೂರಕ್ಕೆ ಐದೂ ಇಲ್ಲ. ಬಹುಪಾಲು ಸರ್ಕಾರಿ ದಾಖಲೆಯಲ್ಲಿ ಬಂಜರು.

ಹಾಗೆ ಬರೆದುಬಿಟ್ಟರೆ ಮುಂದಿನದು ಸುಲಭ. ಚಳ್ಳಕೆರೆಯ ಅಮೃತಮಹಲ್ ಕಾವಲು ನೋಡಿ. ಮೈಸೂರು ಅರಸರ, ಟಿಪ್ಪುವಿನ ಸೈನ್ಯದ ಫಿರಂಗಿ ಎಳೆದ ಎತ್ತುಗಳ ತಳಿ ಬೆಳೆದ ಹುಲ್ಲು ಅದು. 2008ರ ನಂತರ ಅಲ್ಲಿ ಸುಮಾರು ಹತ್ತು ಸಾವಿರ ಎಕರೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ ಇತ್ಯಾದಿಗಳಿಗೆ ಹೋಯಿತು. ಹಳ್ಳಿಗರು ಹಸಿರು ನ್ಯಾಯಮಂಡಳಿಯವರೆಗೆ ಹೋದರು. ಆ ಸಂಸ್ಥೆಗಳ ಕೆಲಸ ದೊಡ್ಡದೇ ಇರಬಹುದು. ಒಂದು ಕಾಡನ್ನು ಅಷ್ಟು ಸಲೀಸಾಗಿ ಕೊಡುತ್ತಿದ್ದರಾ ಅನ್ನುವುದು ನನ್ನ ಪ್ರಶ್ನೆ.

ಸೌರ ಫಲಕ, ಗಾಳಿಯಂತ್ರದ ಕಥೆಯೂ ಇದರ ಪಕ್ಕದ್ದೇ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿಗೆ 13,000 ಎಕರೆ ಬೇಕಾಯಿತು. ಅಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಜಮೀನು, ಬರದಿಂದ ಬೇಸತ್ತವರಿಗೆ ವರ್ಷಕ್ಕೊಮ್ಮೆ ಖಚಿತ ಹಣ, ಹಾಗಾಗಿ ಅದನ್ನು ಸುಮ್ನೆ ಬೈಯುವುದು ನ್ಯಾಯವಲ್ಲ. ಆದರೆ ಎರೆಭೂತ ಇರುವ ಕಡೆ ವಿದ್ಯುತ್ ತಂತಿ ನೇರ ಸಾವು. ಆ ಹಕ್ಕಿಗೆ ಮುಂದೆ ನೇರಕ್ಕೆ ನೋಟ ಕಡಿಮೆ, ದೇಹ ಭಾರ, ತಂತಿ ಕಂಡರೂ ತಟ್ಟನೆ ತಿರುಗಲಾಗದು. 2021ರಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ, ಗುಜರಾತಿನ ತಂತಿಗಳನ್ನು ನೆಲದಡಿ ಹಾಕಿ ಅಂದಿದ್ದು, 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿದ್ದು ಇದೇ ಜಗ್ಗಾಟದಲ್ಲಿ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಸದುದ್ದೇಶದ ಗಿಡ ನೆಡುವಿಕೆ. ಎಲ್ಲೋ ಕಾಡು ಕಡಿದರೆ ಅದಕ್ಕೆ ಬದಲಿಯಾಗಿ ಎಲ್ಲಿ ನೆಡಬೇಕು? ಖಾಲಿ ಕಾಣುವ ಕಡೆ. ಖಾಲಿ ಕಾಣುವುದು ಹುಲ್ಲು. ಕೇಂದ್ರದ ಹಸಿರು ಕ್ರೆಡಿಟ್ ಯೋಜನೆಯ 2024ರ ನಿಯಮದಲ್ಲಿ ಕುರುಚಲು, ಬಂಜರು ಭೂಮಿಗಳೂ ನೆಡಲು ಅರ್ಹ, ಹೆಕ್ಟೇರಿಗೆ ಕನಿಷ್ಠ 1,100 ಮರ ಅಂತ ಇತ್ತು. ಟೀಕೆ ಬಂದ ಮೇಲೆ 2025ರಲ್ಲಿ ಬದಲಿಸಿದರು. ಈಗ ಐದು ವರ್ಷದ ನಂತರ ಮರಗಳ ನೆತ್ತಿ ಕನಿಷ್ಠ ಶೇ 40ರಷ್ಟು ನೆಲ ಮುಚ್ಚಿದ್ದರೆ ಕ್ರೆಡಿಟ್. ಮರ ಬದುಕಿದೆಯಾ ಅಂತ ನೋಡುವುದು ಸುಧಾರಣೆಯೇ ಸರಿ. ಆದರೆ ನೂರಕ್ಕೆ ನಲವತ್ತು ಭಾಗ ನೆರಳು ಬಿದ್ದ ಹುಲ್ಲುಗಾವಲು ಹುಲ್ಲುಗಾವಲಲ್ಲ. ನಮ್ಮ ಹುಲ್ಲಿನ ಬಹುಪಾಲು ಜಾತಿಗಳು ಬಿಸಿಲು ಕುಡಿಯುವವು. ಅಲ್ಲಿಗೆ ಯೋಜನೆ ಎಷ್ಟು ಯಶಸ್ವಿಯಾದರೆ ಅಷ್ಟು ನಷ್ಟ.

ಎಲ್ಲ ಕತ್ತಲೆ ಅಂತೇನೂ ಇಲ್ಲ. ಬೆಂಗಳೂರಿನ ಹೆಸರಘಟ್ಟದ ಹುಲ್ಲುಗಾವಲನ್ನು ಮೀಸಲು ಮಾಡುವ ಪ್ರಸ್ತಾವವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತ್ತು. ಸ್ಥಳೀಯ ವಿರೋಧ ಇತ್ತು, ರಿಯಲ್ ಎಸ್ಟೇಟ್ ಬೆಲೆ ಎಲ್ಲರಿಗೂ ಗೊತ್ತು. ಹೈಕೋರ್ಟ್ ಮೆಟ್ಟಿಲೇರಿದ ಮೇಲೆ, 2024ರಲ್ಲಿ ಅದೇ ಮಂಡಳಿ 5,600ಕ್ಕೂ ಹೆಚ್ಚು ಎಕರೆಗೆ ಒಪ್ಪಿಗೆ ಕೊಟ್ಟಿತು. ಅರ್ಕಾವತಿಗೆ, ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ನೀರು ಹರಿಸುವ ನೆಲ ಅನ್ನುವ ವಾದ ಅಲ್ಲಿ ಕೈ ಹಿಡಿಯಿತು. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಹೆಕ್ಟೇರಿನ ತೋಳ ಧಾಮ ಆಗಿದೆ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಅನ್ನುವ ಗಾದೆ ಇರುವ ನಾಡಿನಲ್ಲಿ ತೋಳಕ್ಕೊಂದು ಜಾಗ ಅಂದರೆ ದೊಡ್ಡ ಮಾತು. ಜಾಗ ಮಾತ್ರ ತುಂಬ ಚಿಕ್ಕದು. ಒಂದು ತೋಳದ ಗುಂಪು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಪ್ರದೇಶ ಸುತ್ತುತ್ತದೆ. ಸುತ್ತಲಿನ ಕುರಿಗಾರರು ಸಹಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೊಲದ ಬದುವಿನಲ್ಲಿ

ಸಹಿಸಿಕೊಳ್ಳುವುದು ಅಂದೆ. ಆ ಮಾತನ್ನು ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ. ಹಾವೇರಿ, ಗದಗ, ಕೊಪ್ಪಳದ ಹೊಲಗಳಲ್ಲಿ ಬಿತ್ತನೆ ಆದ ಎರಡು ವಾರಕ್ಕೆ ಹಳೇ ಸೀರೆಗಳು ಕಾಣಿಸಿಕೊಳ್ಳುತ್ತವೆ. ಕಟ್ಟಿಗೆ ನೆಟ್ಟು ಕೆಂಪು, ನೀಲಿ, ಹಳದಿ ಸೀರೆ ಸುತ್ತಿದ ಬೇಲಿ. ಗಾಳಿಗೆ ಪಟಪಟ ಅಂದರೆ ಚಿಗರಿ ಹೆದರುತ್ತದೆ ಅನ್ನುವ ನಂಬಿಕೆ. ಮೊದಲ ವಾರ ಹೆದರುತ್ತದೆ, ಆಮೇಲೆ ರೂಢಿಯಾಗುತ್ತದೆ. ಐವತ್ತರ ಹಿಂಡು ಒಂದು ರಾತ್ರಿ ಹೆಸರಿನ ಹೊಲದಲ್ಲಿ ಇಳಿದರೆ ಬೆಳಿಗ್ಗೆ ಸಾಲು ಹುಡುಕಬೇಕು. ತಿನ್ನುವುದಕ್ಕಿಂತ ತುಳಿಯುವುದೇ ಜಾಸ್ತಿ. ಪರಿಹಾರಕ್ಕೆ ಅರ್ಜಿ, ಫೋಟೊ, ಪಹಣಿ, ಓಡಾಟ. ಸಣ್ಣ ರೈತ ಎರಡನೇ ಸಲ ಅರ್ಜಿ ಹಾಕುವ ಉಸಾಬರಿಗೆ ಹೋಗುವುದಿಲ್ಲ.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಮಧ್ಯಪ್ರದೇಶದ ಕರೇರಾ ಸಾಕ್ಷಿ. 1981ರಲ್ಲಿ ಎರೆಭೂತಕ್ಕಾಗಿ ಧಾಮ ಮಾಡಿದರು. ಒಳಗೆ ಹಳ್ಳಿಗಳಿದ್ದವು, ಖಾಸಗಿ ಜಮೀನಿತ್ತು. ಜಮೀನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ರಕ್ಷಣೆ ಸಿಕ್ಕಿದ್ದರಿಂದ ಕೃಷ್ಣಮೃಗ ಹೆಚ್ಚಿ ಬೆಳೆಗೆ ಬಿದ್ದವು. ಜನರ ಸಿಟ್ಟು ಹಕ್ಕಿಯ ಮೇಲೆ ತಿರುಗಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಒಂದೂ ಎರೆಭೂತ ಇಲ್ಲದಂತಾಯಿತು. ಹಕ್ಕಿಯಿಲ್ಲದ ಹಕ್ಕಿಧಾಮ ದಶಕಗಳ ಕಾಲ ಹಾಗೇ ಉಳಿದು, ಕೊನೆಗೆ 2022ರಲ್ಲಿ ಅದನ್ನು ಪಟ್ಟಿಯಿಂದಲೇ ತೆಗೆದರು. ನಮ್ಮ ಗಡಿಯಾಚೆ, ಆಗಿನ ಕರ್ನೂಲು, ಈಗಿನ ನಂದ್ಯಾಲ ಜಿಲ್ಲೆಯ ರೋಳ್ಳಪಾಡು ಕೂಡ ಹೆಚ್ಚುಕಡಿಮೆ ಇದೇ ದಾರಿ ಹಿಡಿಯಿತು. ಅಲ್ಲಿ ಕಾಲುವೆ ನೀರು ಬಂದು ಬೆಳೆ ಬದಲಾಗಿದ್ದೂ ಸೇರಿಕೊಂಡಿತು.

ಕಾಯ್ದೆಯಲ್ಲಿ ಒಂದು ಮಧ್ಯದ ದಾರಿ ಇದೆ. 2002ರ ತಿದ್ದುಪಡಿಯಲ್ಲಿ ‘ಸಂರಕ್ಷಣಾ ಮೀಸಲು’ ಅನ್ನುವ ಹೊಸ ದರ್ಜೆ ಬಂತು. ಸರ್ಕಾರಿ ನೆಲವನ್ನು ಸ್ಥಳೀಯರ ಜೊತೆ ಮಾತಾಡಿ ಕಾಪಾಡುವುದು, ಅವರ ಹಕ್ಕುಗಳನ್ನು ಕಿತ್ತುಕೊಳ್ಳದೆ. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಹೀಗೆ 2007ರಲ್ಲಿ ಮೀಸಲಾಯಿತು. ಬರೀ 798 ಎಕರೆ. ಚಿಗರಿ ಅಲ್ಲೂ ಹೊಲಕ್ಕೆ ಹೋಗುತ್ತದೆ, ಗಲಾಟೆ ಅಲ್ಲೂ ಇದೆ. ಆದರೂ ಬಯಲಿಗೆ ಈ ದರ್ಜೆ ಹೆಚ್ಚು ಹೊಂದುತ್ತದೆ ಅಂತ ನನಗೆ ಅನ್ನಿಸುತ್ತದೆ. ಮೇಯಿಸುವುದನ್ನು ಅಪರಾಧ ಮಾಡದೆ ಹದಕ್ಕೆ ತರಲು ಅಲ್ಲಿ ಅವಕಾಶ ಇದೆ. ವನ್ಯಧಾಮದಲ್ಲಿ ಕುರಿಗಾರ ಕಳ್ಳನಂತೆ ನುಗ್ಗಿ ಕಳ್ಳನಂತೆ ಹೊರಬರುತ್ತಾನೆ. ಕದ್ದು ಮೇಯಿಸುವವನು ಹುಲ್ಲಿನ ಹದ ನೋಡುತ್ತಾ ಕೂರುವುದಿಲ್ಲ, ಅಲ್ವಾ?

ಮರ ಕಡಿದರೆ ಹುಲ್ಲು ಬರುತ್ತದಾ?

ಮತ್ತೆ ರಾಣೆಬೆನ್ನೂರಿಗೆ ಬರೋಣ. ‘ನೀಲಗಿರಿ ತೆಗೆಯಿರಿ’ ಅನ್ನುವುದು ಹೇಳಲು ಚೆನ್ನ. ಕಡಿದ ಬುಡದಿಂದ ನಾಲ್ಕೈದು ಕವಲು ಒಡೆದು ಮೊದಲಿಗಿಂತ ದಟ್ಟವಾಗಿ ಬರುವುದು ನೀಲಗಿರಿಯ ಸ್ವಭಾವ. ಬುಡ ಸಮೇತ ಕೀಳಬೇಕು. ಜೆಸಿಬಿ ಹಾಕಿ ಇಡೀ ನೆಲ ತಿರುವಿದರೆ ಉಳಿದ ಹುಲ್ಲಿನ ಬೇರೂ ಹೋಗುತ್ತದೆ. ಹಳೇ ಹುಲ್ಲುಗಾವಲು ಒಮ್ಮೆ ಉತ್ತರೆ ಮೊದಲಿನ ಜಾತಿ ವೈವಿಧ್ಯ ಮರಳಲು ನೂರಾರು ವರ್ಷ ಬೇಕಾಗಬಹುದು ಅನ್ನುತ್ತವೆ ಜಗತ್ತಿನ ಬೇರೆ ಬೇರೆ ಕಡೆಯ ಅಧ್ಯಯನಗಳು. ಇನ್ನೊಂದು ಅಪಾಯ ಬಳ್ಳಾರಿ ಜಾಲಿ. ನೆಲ ತೆರೆದ ಕೂಡಲೇ ಮೊದಲು ಕಾಲಿಡುವುದು ಅದೇ. ಗುಜರಾತಿನ ವೇಳಾವದರ್ ಕೃಷ್ಣಮೃಗ ಉದ್ಯಾನ 34 ಚದರ ಕಿಲೋಮೀಟರಿನ ಸೊಗಸಾದ ಹುಲ್ಲುಗಾವಲು. ಅಲ್ಲಿ ಕೃಷ್ಣಮೃಗವೇ ಈ ಜಾಲಿಯ ಕಾಯಿ ತಿಂದು ಹಿಕ್ಕೆಯ ಮೂಲಕ ಬೀಜ ಹರಡುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಪ್ರಾಣಿಯೇ ತನ್ನ ಮನೆ ಹಾಳುಮಾಡುವ ಗಿಡವನ್ನು ಬಿತ್ತುತ್ತದೆ. ಅಲ್ಲಿ ಜಾಲಿ ಕೀಳುವುದು ಮುಗಿಯದ ಕೆಲಸ.

ಹಾಗಾಗಿ ಇದು ಒಂದೇ ಸಲಕ್ಕೆ 119 ಚದರ ಕಿಲೋಮೀಟರ್ ಶುಚಿ ಮಾಡುವ ಟೆಂಡರ್ ಅಲ್ಲ. ಇನ್ನೂ ಹುಲ್ಲು ಉಳಿದ ತುಂಡುಗಳನ್ನು ಮೊದಲು ಗುರುತಿಸಬೇಕು. ಅವುಗಳ ಅಂಚಿನ ನೀಲಗಿರಿಯನ್ನು ಮೊದಲು ತೆಗೆದು, ಹುಲ್ಲನ್ನು ಒಳಗಿಂದ ಹೊರಗೆ ಹಬ್ಬಲು ಬಿಡಬೇಕು. ಬೀಜ ಬೇಕಾದರೆ ಅದೇ ಸೀಮೆಯ ಗೋಮಾಳದಿಂದ, ಹೊಲದ ಬದುವಿನಿಂದ ಕರಡ (ಒಣಹುಲ್ಲು) ತಂದು ಹರಡಬೇಕು. ಕೊಯ್ದ ಮೇವಿನ ಹಕ್ಕು ಸುತ್ತಲ ಊರಿಗೆ. ಕಡಿದ ನೀಲಗಿರಿ ಮಾರಿದ ಹಣದಲ್ಲಿ ಒಂದು ಪಾಲು ಬೆಳೆ ಪರಿಹಾರಕ್ಕೆ ಹೋದರೆ, ವಾರದೊಳಗೆ ಕೊಡುವಂತಾದರೆ, ಸೀರೆ ಬೇಲಿ ಕಟ್ಟುವವನಿಗೂ ಈ ಧಾಮದಲ್ಲಿ ಒಂದು ಆಸಕ್ತಿ ಹುಟ್ಟೀತು.

ಎಲ್ಲಕ್ಕಿಂತ ಮೊದಲು ಒಂದು ತಪ್ಪು ಆಗಬಾರದು. ನೀಲಗಿರಿ ತೆಗೆದ ಜಾಗಕ್ಕೆ ‘ನಮ್ಮ ನಾಡಿನ ಮರ’ ಅಂತ ಬೇವು, ಹೊಂಗೆ, ನೇರಳೆ ಸಸಿ ಒತ್ತೊತ್ತಾಗಿ ನೆಡುವುದು. ಕೇಳಲು ಹಿತ, ಫೋಟೊಗೆ ಚೆನ್ನ, ಪರಿಸರ ದಿನಕ್ಕೆ ಹೇಳಿ ಮಾಡಿಸಿದ್ದು. ಎರೆಭೂತಕ್ಕಾಗಲಿ, ಸೆಳೆವಕ್ಕಾಗಲಿ, ಬಾನಾಡಿಗಾಗಲಿ ಕಣ್ಣಿಗೆ ಅಡ್ಡ ಬರುವ ಮರ ದೇಶಿಯೋ ವಿದೇಶಿಯೋ ಒಂದೇ. ಒಳಭಾಗದ 14.87 ಚದರ ಕಿಲೋಮೀಟರಿನಲ್ಲಿ ಐವತ್ತು ಹೆಕ್ಟೇರಿನಷ್ಟು ತುಂಡು ಆರಿಸಿಕೊಂಡು, ಗುಂಡಿ ತೋಡದೆ, ಸಸಿ ನೆಡದೆ, ಐದು ಮಳೆಗಾಲ ಬುಡದ ಕವಲು ಮತ್ತು ಬಳ್ಳಾರಿ ಜಾಲಿ ಕೀಳುವ ಕೂಲಿಗೆ ಮಾತ್ರ ಹಣ ಕೊಡುವ ಒಂದು ಯೋಜನೆ ಈಗಲೇ ಶುರು ಮಾಡಬಹುದು. ಪ್ರತಿ ಚಳಿಗಾಲ ಅಲ್ಲಿ ಚಿಗರಿಯ ಜೊತೆ ಬಾನಾಡಿ, ಸೆಳೆವಗಳನ್ನೂ, ಯಾವ ಯಾವ ಹುಲ್ಲು ಮರಳಿದೆ ಅನ್ನುವುದನ್ನೂ ಎಣಿಸಿ ಊರಿನ ಪಂಚಾಯಿತಿ ಕಟ್ಟೆಯಲ್ಲಿ ಅಂಟಿಸಬೇಕು.